ಕಾವಲುಗಾರ ಪೋಲೀಸನಲ್ಲ

ಅಡಿಕೆ ಸುಲಿತ ಆರಂಭವಾದೊಡನೆ ಭರಮಸಾಗರದ ಆಸುಪಾಸಿನ ಬೆಳೆಗಾರ ಬಂಧುಗಳಿಗೆ ಕಳ್ಳರ ಚಿಂತೆಯೂ ಆರಂಭವಾಗುತ್ತದೆ. ಬೇಯಿಸಿ ಕಣದಲ್ಲಿ ಹರಡಿದ ಅಡಿಕೆ ನಮ್ಮ ಇಡೀ ವರ್ಷದ ದುಡಿಮೆ. ಆದ್ದರಿಂದ ಸುಗ್ಗಿಯಲ್ಲಿ ಖಾಸಗಿ ಭದ್ರತಾ ಸಂಸ್ಥೆಯಿಂದ ಕಾವಲುಗಾರರನ್ನು ಕರೆಸಬೇಕೆಂಬ ಸದಸ್ಯರ ಸಲಹೆಯನ್ನು ನಾವು ಒಪ್ಪುತ್ತೇವೆ. ನಾಲ್ಕಾರು ಮಂದಿ ಕೂಡಿ ಗೊತ್ತುಮಾಡಿದರೆ ಖರ್ಚೂ ಹಗುರ.

ಆದರೆ ಸಂಬಳಕ್ಕೆ ಬಂದ ಕಾವಲುಗಾರ ಪೋಲೀಸನಲ್ಲ. ಗೃಹರಕ್ಷಕ ದಳದವರಿಗೆ ಕರ್ತವ್ಯಕ್ಕೆ ಕರೆದಾಗ 1962ರ ಕಾಯಿದೆಯ ಬಲವುಂಟು, ಇವನಿಗೆ ಅದಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯಂತೆ ಸಂಸ್ಥೆಗೆ ಲೈಸೆನ್ಸ್ ಇರಲೇಬೇಕು. ಕಾವಲುಗಾರ ಪೋಲೀಸರಂಥ ಸಮವಸ್ತ್ರ ತೊಟ್ಟರೆ ಅವನೂ ಮಾಲೀಕನೂ ಶಿಕ್ಷಾರ್ಹರು. ಕಣ್ಣೆದುರೇ ಕದ್ದವನನ್ನು ಹಿಡಿಯಬಹುದು. ಆ ಹಕ್ಕು ನಮಗೂ ಉಂಟು. ಹಿಡಿದವನನ್ನು ಆರು ಗಂಟೆಯೊಳಗೆ ಪೋಲೀಸರಿಗೆ ಒಪ್ಪಿಸಬೇಕೆಂದು 2023ರ ನಾಗರಿಕ ಸುರಕ್ಷಾ ಸಂಹಿತೆ ವಿಧಿಸುತ್ತದೆ. ಕಟ್ಟಿಹಾಕಿ ಹೊಡೆಯುವ ಹಕ್ಕು ಯಾರಿಗೂ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಮ್ಮ ಕಣಕ್ಕೆ ಬಂದ ಕಾವಲುಗಾರ, ಸಂಜೆ ಮನೆಗೆ ಹೊರಟಿದ್ದ ಸುಲಿಯುವ ಹೆಣ್ಣುಮಕ್ಕಳ ಬುತ್ತಿಗಂಟು ಬಿಚ್ಚಿಸಿ ನೋಡಿದ. ಸಿಕ್ಕಿದ್ದು ಖಾಲಿ ಡಬ್ಬಿಗಳು. ಮರುದಿನ ಸುಲಿಯಲು ಒಬ್ಬರೂ ಬರಲಿಲ್ಲ. ನಾವೇ ಅವರ ಮನೆಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡೆವು.

ಕಾವಲಿಡೋಣ, ಲೈಸೆನ್ಸ್ ನೋಡಿ, ಠಾಣೆಗೆ ತಿಳಿಸಿ ಇಡೋಣ. ಕೂಲಿಯವರ ಮೈ, ಗಂಟು ಮುಟ್ಟಕೂಡದೆಂದು ಕರಾರಿನಲ್ಲೇ ಬರೆಸೋಣ. ಒಪ್ಪುವ ಸದಸ್ಯರು ಸುಗ್ಗಿಗೆ ಮೊದಲೇ ಸಂಘದ ಕಛೇರಿಯಲ್ಲಿ ಹೆಸರು ಕೊಡಬೇಕಾಗಿ ಕೋರುತ್ತೇವೆ.