ಕೋಟೆಯೊಳಗಿನ ಸಿಪಾಯಿ

ಈಚೆಗೆ ಜಾವಗಲ್ಲಿನಿಂದ ವಿದ್ಯಾರ್ಥಿಗಳ ತಂಡವೊಂದನ್ನು ಕರೆದುಕೊಂಡು ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋಗಿದ್ದೆ. ಗುಡ್ಡದ ನೆತ್ತಿಯ ಆ ಕೋಟೆ ಎಂಟು ಮೂಲೆಗಳ ನಕ್ಷತ್ರದಂತಿದೆಯೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಒಳಹೊಕ್ಕೊಡನೆ ಹುಡುಗರು ಕೇಳಿದ್ದೂ ಆ ನಕ್ಷತ್ರವನ್ನೇ. ಅದು ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುವಂಥದು. ನೆಲದ ಮೇಲೆ ನಿಂತವನಿಗೆ ಕಾಣುವುದು ಕೋಟೆಗೋಡೆಗೆ ಬೆನ್ನುಕೊಟ್ಟ ಸಾಲು ಕೊಠಡಿಗಳು. ಅವುಗಳಲ್ಲಿ ಯಾರು ವಾಸವಾಗಿದ್ದರೆಂದು ಒಬ್ಬರೂ ಕೇಳಲಿಲ್ಲ. ತಪ್ಪು ಅವರದಲ್ಲ, ಕೇಳುವುದನ್ನು ನಾವು ಕಲಿಸಿಲ್ಲ.

ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರಲ್ಲಿ ಮುಗಿಯಿತು. ಫ್ರಾನ್ಸಿನ ವೋಬಾನನ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿಯದು. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಗೋಡೆಯ ಬುಡಕ್ಕೆ ಗುಂಡು ಹಾರಿಸಬಲ್ಲನು. ಶತ್ರುವಿಗೆ ಅಡಗಲು ಎಡೆಯಿಲ್ಲ. ಆದರೆ ಈ ಲೆಕ್ಕಾಚಾರವೆಲ್ಲ ಫಲಿಸಬೇಕಾದರೆ ಆ ಮೂಲೆಯಲ್ಲಿ ಒಬ್ಬ ಮನುಷ್ಯ ಎಚ್ಚರವಾಗಿರಬೇಕಷ್ಟೆ? ಮಲೆನಾಡಿನ ಮಳೆಯಲ್ಲಿ ಅವನು ಒದ್ದೆ ಬಟ್ಟೆಯನ್ನು ಎಲ್ಲಿ ಒಣಗಿಸಿದ? ಯಾವ ಒಲೆಯ ಮುಂದೆ ಮೈಕಾಸಿಕೊಂಡ? ನಡುವೆ ಮೆಟ್ಟಿಲುಗಳುಳ್ಳ ಕೊಳವಿದೆ, ಮದ್ದಿನ ಮನೆಗಳಿವೆ. ನೀರಿಗೂ ಮದ್ದಿಗೂ ತೋರಿದ ಎಚ್ಚರ ಕಣ್ಣಿಗೆ ಕಾಣುತ್ತದೆ. ಸಿಪಾಯಿಯ ಬದುಕನ್ನು ಮಾತ್ರ ನಾವೇ ಊಹಿಸಬೇಕಾಗಿದೆ.

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಉಳಿದಿದೆ. ಕೆಲಸಗಾರನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ ನಾಡು ಇದು. ತುರುಗಳನ್ನು ಕಾಯುತ್ತ ಸತ್ತ ಬಂಟನಿಗೆ ವೀರಗಲ್ಲು ನೆಟ್ಟದ್ದೂ ಇದೇ ನಾಡು. ಆದರೆ ವೀರಗಲ್ಲು ಸತ್ತವನನ್ನು ಸ್ಮರಿಸುತ್ತದೆ. ಸಾಯದೆ, ವರ್ಷಗಟ್ಟಲೆ ಕಾವಲು ನಿಂತು, ಸಂಬಳಕ್ಕೂ ಊರ ಸುದ್ದಿಗೂ ಕಾದವನಿಗೆ ಯಾವ ಕಲ್ಲಿದೆ? ಆ ಕೊಠಡಿಗಳೇ ಅವನ ಕಲ್ಲು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಟಿಕಾಂಡರೋಗಾ ಎಂಬ ಕೋಟೆಯಿದೆ. ಗಡಿಯ ಕಾವಲಿಗೆಂದು ಫ್ರೆಂಚರು 1755ರಲ್ಲಿ ಅದನ್ನು ಕಟ್ಟತೊಡಗಿದರು. ಮಂಜರಾಬಾದಿಗೆ ಅದು ದೂರದ ದಾಯಾದಿ. ಪಾಳುಬಿದ್ದಿದ್ದ ಅದರ ಸಿಪಾಯಿ ವಸತಿಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿ ಜನರಿಗೆ ತೋರಿಸುತ್ತಿದ್ದಾರೆ. ನಾವೂ ಹಾಗೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಹೊಸ ಗಾರೆಯಲ್ಲಿ ಮತ್ತೆ ಕಟ್ಟಿದರೆ ನಿಜವಾವುದು, ಊಹೆಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಇದ್ದ ಗೋಡೆ ಬೀಳದಂತೆ ನೋಡಿಕೊಂಡು, ಇದು ಸಿಪಾಯಿಯ ಕೊಠಡಿ, ಇದು ಮದ್ದಿನ ಮನೆ ಎಂದು ಕನ್ನಡದಲ್ಲಿ ತಿಳಿಯ ಹೇಳುವ ಫಲಕಗಳಿದ್ದರೆ ಸಾಕು.

ದಾಖಲೆಯಿಲ್ಲದವರ ಚರಿತ್ರೆ ಬರೆಯುವುದೆಂದರೆ ಕತೆ ಕಟ್ಟುವುದಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ಹಗುರವಾದುದಲ್ಲ. ಆದರೆ ಕೊಠಡಿಯ ಉದ್ದಗಲವನ್ನು ಅಳೆಯುವುದು ಕತೆಯಲ್ಲ. ನೀರಿಗೆ ಎಷ್ಟು ಹೆಜ್ಜೆ ನಡೆಯಬೇಕಿತ್ತೆಂದು ಎಣಿಸುವುದೂ ಕತೆಯಲ್ಲ.

ಹಿಂದಿರುಗುವ ಮುನ್ನ ಹುಡುಗರಿಗೆ ಅದನ್ನೇ ಹೇಳಿದೆ. ಇಬ್ಬರು ಹುಡುಗಿಯರು ಕೊಠಡಿಯೊಂದರಿಂದ ಕೊಳದವರೆಗೆ ಹೆಜ್ಜೆಯೆಣಿಸುತ್ತ ನಡೆದರು. ಒಬ್ಬಳು ಲೆಕ್ಕ ತಪ್ಪಿ, ಮರಳಿ ಬಾಗಿಲಿಗೆ ಹೋಗಿ ಮತ್ತೆ ಎಣಿಸಿದಳು. ಆ ದಿನದ ಪಾಠ ಅಲ್ಲಿ ಮೊದಲಾಯಿತೆಂದು ನನಗನಿಸಿತು.