ನಾಸ್ತಿಕಖಂಡನವೂ ಹೇತ್ವಾಭಾಸವೂ

ನಮ್ಮ ದುರ್ಗದ ಸೀಮೆಯಲ್ಲಿ ಮಳೆ ತಪ್ಪಿದಾಗಲೆಲ್ಲ “ದೇವರಿಲ್ಲವೆಂಬವರು ಹೆಚ್ಚಿದರು, ಮಳೆ ಎಲ್ಲಿಂದ ಬಂದೀತು?” ಎಂಬ ಮಾತು ಜಗಲಿ ಜಗಲಿಗಳಲ್ಲಿ ಕೇಳಿಬರುತ್ತದೆ. ಹೀಗೆನ್ನುವವರು ಓದುಬರಹವಿಲ್ಲದವರಲ್ಲ, ತರ್ಕಶಾಸ್ತ್ರವು ನಮ್ಮ ಪೂರ್ವಿಕರ ಸೊತ್ತೆಂದು ಹೆಮ್ಮೆಪಡುವ ಸುಶಿಕ್ಷಿತರೇ. ಆದುದರಿಂದ ಅದೇ ಶಾಸ್ತ್ರದ ಒರೆಗಲ್ಲಿಗೆ ಇವರ ವಾದಗಳನ್ನು ಹಚ್ಚಿ ನೋಡೋಣ.

ಹಿರಿಯೂರಿನ ಬಳಿಯ ವಾಣೀವಿಲಾಸಸಾಗರವು 1907ರಲ್ಲಿ ಕಟ್ಟಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮರಳಿ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಆ ನಡುವೆ ನಮ್ಮಲ್ಲಿ ಹರಕೆ ಜಾತ್ರೆಗಳು ನಿಂತಿದ್ದುವೇ? 2022ರಲ್ಲಿ ನಾಸ್ತಿಕರೆಲ್ಲರೂ ನಾಡು ಬಿಟ್ಟಿದ್ದರೇ? ಆ ವರ್ಷ ವೇದಾವತಿಯ ಪಾತ್ರದಲ್ಲಿ ಮಳೆ ಬಲವಾಗಿ ಸುರಿಯಿತು. ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರೂ ಬಂದು ಕೂಡಿತು. ಹೇತುವು ಸಾಧ್ಯವನ್ನು ಬಿಟ್ಟು ಅಲೆದರೆ ನೈಯಾಯಿಕರು ಅದನ್ನು ಸವ್ಯಭಿಚಾರವೆಂದು ತಳ್ಳುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನರು ಕೆರೆ ಕಟ್ಟಿಸಿದ ಮಹನೀಯರೆಂದು ನೆನೆಯುತ್ತಾರಲ್ಲದೆ, ಬರಗಾಲಕ್ಕೆ ಅಪರಾಧಿಗಳನ್ನು ಹುಡುಕಿದವರೆಂದಲ್ಲ.

“ದೇವರ ಭಯವಿಲ್ಲದವನಿಗೆ ನೀತಿಯೆಲ್ಲಿಯದು?” ಎಂಬುದು ಎರಡನೆಯ ಮಾತು. ಜಗತ್ಕರ್ತನನ್ನೊಪ್ಪದ ಜೈನರು ಅಹಿಂಸೆಯನ್ನು ಪರಮಧರ್ಮವೆಂದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ ಭಕ್ತರ ಕೋಪಕ್ಕೆ ಗುರಿಯಾದ ಡಾ. ಎಚ್. ನರಸಿಂಹಯ್ಯನವರು ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಬ್ರಹ್ಮಚಾರಿಯಾಗಿ ಸರಳವಾಗಿ ಬಾಳಿದರು. ಇತ್ತ, ದಿನವೂ ಪೂಜೆ ಮಾಡಿ ಲಂಚ ತೆಗೆದುಕೊಳ್ಳುವವರನ್ನು ಯಾರು ಕಂಡಿಲ್ಲ?

“ಶಾಸ್ತ್ರವು ಹೇಳಿರುವುದರಿಂದ ದೇವರುಂಟು, ದೇವರ ನುಡಿಯಾದುದರಿಂದ ಶಾಸ್ತ್ರವು ಪ್ರಮಾಣ” ಎಂಬುದು ಶುದ್ಧ ಅನ್ಯೋನ್ಯಾಶ್ರಯ. ಇಬ್ಬರು ಸಾಲಗಾರರು ಒಬ್ಬರಿಗೊಬ್ಬರು ಜಾಮೀನು ನಿಂತಂತೆ!

ಗಡಿಗೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕೆಂಬ ವಾದವು ಇವುಗಳಷ್ಟು ಹಗುರವಲ್ಲ; ಉದಯನಾಚಾರ್ಯನಂಥ ಧೀಮಂತನು ಅದನ್ನು ಎತ್ತಿಹಿಡಿದನು. ಆದರೆ ಕುಂಬಾರನಿಗೆ ಶರೀರವುಂಟು. ಮಣ್ಣು ಅವನಿಗಿಂತ ಮೊದಲೇ ಉಂಟು. ದೃಷ್ಟಾಂತವನ್ನು ಕೊನೆಯವರೆಗೆ ಹಿಡಿದರೆ ಸಿದ್ಧನಾಗುವವನು ಮಣ್ಣು ತುಳಿಯುವ ಕರ್ತನೇ ಹೊರತು ಸರ್ವಶಕ್ತನಲ್ಲ. ವೇದವನ್ನು ಶಿರಸಾವಹಿಸಿದ ಮೀಮಾಂಸಕ ಕುಮಾರಿಲಭಟ್ಟನೇ ಸೃಷ್ಟಿಕರ್ತನನ್ನು ನಿರಾಕರಿಸಿದನು. ಅವನನ್ನು ಆಸ್ತಿಕರ ಪಂಕ್ತಿಯಿಂದ ಎಬ್ಬಿಸಿದವರಿಲ್ಲ.

ಈ ವಾದಗಳು ಬಿದ್ದುವೆಂದ ಮಾತ್ರಕ್ಕೆ ದೇವರಿಲ್ಲವೆಂದು ಸಿದ್ಧವಾಗಲಾರದು. ಹಾಗೆಂದು ಕುಣಿಯುವ ನಾಸ್ತಿಕನೂ ಅದೇ ಕೆಸರಿನಲ್ಲಿ ಕಾಲಿಟ್ಟವನು. ದೇವರಲ್ಲಿ ಭಕ್ತಿಯುಳ್ಳವರು ನಿಶ್ಚಿಂತೆಯಿಂದ ಪೂಜಿಸಲಿ. ಅನುಭವವೇ ತಮಗೆ ಪ್ರಮಾಣವೆಂದರೆ ಅಡ್ಡಿಯಿಲ್ಲ. ಆದರೆ ಮನೆಯ ಹುಡುಗನೋ ಹುಡುಗಿಯೋ ಸಂಶಯವೆತ್ತಿದಾಗ “ಕಲಿಗಾಲ” ಎಂದು ಗದರಿಸುವವರು ದೇವರನ್ನು ಕಾಯುತ್ತಿಲ್ಲ, ತಮ್ಮ ಹಿರಿತನವನ್ನು ಕಾಯುತ್ತಿದ್ದಾರೆ. ಸಂಶಯವನ್ನು ಹದಿನಾರು ಪದಾರ್ಥಗಳಲ್ಲಿ ಒಂದೆಂದು ಎಣಿಸಿದ್ದು ನಮ್ಮ ನ್ಯಾಯಶಾಸ್ತ್ರವೇ. ಆ ಮಕ್ಕಳಿಗೆ ತಿಳಿದಷ್ಟನ್ನು ಹೇಳೋಣ. ತಿಳಿಯದುದನ್ನು ತಿಳಿಯದೆಂದೇ ಹೇಳೋಣ.