ಗ್ರಾಂ ಲೆಕ್ಕ, ಕೂಲಿ ಲೆಕ್ಕ
ಚನ್ನರಾಯಪಟ್ಟಣದ ಬೆಳ್ಳಿ ಅಂಗಡಿಯಲ್ಲಿ ಕಾಲ್ಗೆಜ್ಜೆ ಕೇಳಿದರೆ ಟ್ರೇಗಟ್ಟಲೆ ಮುಂದಿಡುತ್ತಾರೆ. ಇಂಥ ರೆಡಿ ಮಾಲಿಗೆ ಸೇಲಂ, ಕೊಲ್ಹಾಪುರ ಕಡೆಯ ಹುಪರಿ ಹೆಸರುವಾಸಿ. ಆದರೆ ಮಗುವಿನ ಸೊಂಟದ ಅಳತೆಗೆ ಉಡಿದಾರ ಮಾಡಿಸಬೇಕು, ತಾತನ ಕರಡಿಗೆಯ ಮುಚ್ಚಳ ಸಡಿಲವಾಗಿದೆ ಅಂದರೆ ಬೆಳ್ಳಿ ಕೆಲಸದ ಆಚಾರ್ರೇ ಬೇಕು. ಹಳೇ ಬೆಳ್ಳಿಯನ್ನು ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ ಕರಗಿಸುತ್ತಾರೆ. ಅಚ್ಚಿಗೆ ಸುರಿದ ಸರಳನ್ನು ಬಡಿದು, ಗಡುಸಾದಾಗ ಮತ್ತೆ ಕಾಯಿಸಿ, ಉಕ್ಕಿನ ಪಟ್ಟಿಯ ದೊಡ್ಡ ತೂತಿನಿಂದ ಚಿಕ್ಕದಕ್ಕೆ ಎಳೆಯುತ್ತ ಹೋದರೆ ತಂತಿ. ಬೆಸುಗೆಯ ಹೊತ್ತಿಗೆ ಬಾಯಲ್ಲಿ ಊದುಗೊಳವೆ, ಕಣ್ಣು ಉರಿಯ ಮೇಲೆ. ಒಂದು ಉಸಿರು ಹೆಚ್ಚಾದರೆ ಕೊಂಡಿಯೇ ಕರಗಿ ಕೂರುತ್ತದೆ. ಕೊನೆಗೆ ಹುಣಸೆಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿದಾಗ ಮಂಕು ಬಿಟ್ಟು ಬಿಳುಪು ಬರುತ್ತದೆ. ಬೆಳ್ಳಿ ಕೆಲಸಕ್ಕೆ ಹೆಸರಾದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನ ಈ ವಿದ್ಯೆ ಕಲಿತದ್ದು 19ನೇ ಶತಮಾನದಲ್ಲಿ, ಮೆಕ್ಸಿಕನ್ ಅಕ್ಕಸಾಲಿಗರಿಂದ. ಬೆಳ್ಳಿಗಾಗಿ ನವಾಹೊಗಳು ಡಾಲರ್, ಪೆಸೊ ನಾಣ್ಯ ಕರಗಿಸಿದರು. ಹಸಿರುನೀಲಿ ಟರ್ಕಾಯ್ಸ್ ಕಲ್ಲು ಕೂರಿಸಿದ್ದು ಆಮೇಲೆ. ನಮ್ಮಲ್ಲಿ ಮೂಸೆಗೆ ಬಿದ್ದದ್ದು ಬ್ರಿಟಿಷರ ಕಾಲದ ರಾಣಿ ಛಾಪಿನ ರೂಪಾಯಿ: 11.66 ಗ್ರಾಂ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನವಾಹೊ ಕುಶಲಕರ್ಮಿಗಳು ಈಗ ಬಳೆಯ ಹಿಂಬದಿಗೆ ತಮ್ಮ ಗುರುತು ಒತ್ತುತ್ತಾರೆ, ಆ ಗುರುತಿಗೇ ಬೆಲೆ ಕಟ್ಟುವ ಗಿರಾಕಿಗಳಿದ್ದಾರೆ. ನಾವೋ, ಗ್ರಾಂ ದರವನ್ನು ತುಟಿಪಿಟಕ್ಕೆನ್ನದೆ ಕೊಟ್ಟು, ಕೂಲಿ ಬಂದಾಗ ಚೌಕಾಸಿಗೆ ಇಳಿಯುತ್ತೇವೆ. ಮೇಲೆ, 'ವೇಸ್ಟೇಜ್ ಎಷ್ಟು ಹಿಡೀತೀರಿ ಆಚಾರ್ರೇ?' ಅನ್ನುವ ಅನುಮಾನ ಬೇರೆ.